ಹಾವಿನ ಆಟ ಆಡೋದಕ್ಕೆ ನಾಚಿಕೆ ಯಾಕೆ?

ಓದುಗರ ಪತ್ರ: ಮಗ ಹಟ ಹಿಡಿದ ಅಂತ ಕಂತಿನ ಮೇಲೆ ಗೇಮ್ ಕನ್ಸೋಲ್ ತಂದೆ. ಅವನು ಆಡೋದೆಲ್ಲ ಸಿನಿಮಾ ಥರದ ಆಟಗಳು. ಜೊತೆಗೆ ಕೂತರೆ ನನಗೆ ನಿದ್ದೆ ಬರುತ್ತೆ. ನನಗೆ ಈಗಲೂ ಮೊಬೈಲಿನ ಹಾವಿನ ಆಟ, ಟೆಟ್ರಿಸ್ ಇಷ್ಟ. ‘ಅದು ಬರೀ ಟೈಂಪಾಸ್ ಅಪ್ಪಾ, ಇದು ಕಲೆ’ ಅಂತಾನೆ. ನನ್ನ ಅಭಿರುಚಿ ಅಷ್ಟು ಕೆಳಗಿನದಾ? ಇಬ್ಬರೂ ಕೂತು ಆಡುವಂಥದ್ದು ಏನಾದರೂ ಇದ್ದರೆ ತಿಳಿಸಿ. – ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಪತ್ರ ಚೆನ್ನಾಗಿತ್ತು ಸ್ವಾಮಿ, ‘ಅಭಿರುಚಿ ಕೆಳಗಿನದಾ’ ಅನ್ನುವ ಆ ಹಿಂಜರಿಕೆ ಒಂದು ಬಿಟ್ಟರೆ. ಖುಷಿ ಕೊಡುವ ಆಟ ಆಡಿದ್ದಕ್ಕೆ ಯಾರಾದರೂ ಹೀಗೆ ತಪ್ಪೊಪ್ಪಿಗೆ ಬರೆದುಕೊಡ್ತಾರಾ?

ಮಗ ಹೇಳಿದ್ದು ಪೂರ್ತಿ ತಪ್ಪೇನಲ್ಲ. ‘ರೆಡ್ ಡೆಡ್ ರಿಡೆಂಪ್ಶನ್ 2’ ಆಟದ ಹಿಮದಲ್ಲಿ ಕುದುರೆ ಕಾಲು ಹೂತುಕೊಂಡು ನಡೆಯುವುದನ್ನು ನೋಡಿದರೆ ಯಾರಿಗಾದರೂ ಬೆರಗಾಗುತ್ತೆ. ನೂರಾರು ಜನ ವರ್ಷಗಟ್ಟಲೆ ದುಡಿದಿದ್ದಾರೆ, ಸೈ. ಆದರೆ ಆ ಹಿಮ ದಾಟುವಷ್ಟರಲ್ಲಿ ನಾನು ಬಹುಪಾಲು ಮಾಡಿದ್ದೇನು? ಮುಂದೆ ಹೋಗುವವನ ಹಿಂದೆ ಕುದುರೆ ಬಿಟ್ಟುಕೊಂಡು ಅವನ ಮಾತು ಕೇಳಿದ್ದು. 2008ರ ‘ಮೆಟಲ್ ಗೇರ್ ಸಾಲಿಡ್ 4’ರಲ್ಲಿ ಆಟ ಮುಗಿದ ಮೇಲಿನ ದೃಶ್ಯಗಳೇ ಒಂದು ಗಂಟೆ ದಾಟುತ್ತವೆ. ಅಷ್ಟೂ ಹೊತ್ತು ಕಂಟ್ರೋಲರ್ ತೊಡೆ ಮೇಲೆ ಸುಮ್ನೆ ಬಿದ್ದಿರುತ್ತೆ. ಸಿನಿಮಾ ಬೇಕಿದ್ದರೆ ಸಿನಿಮಾನೇ ನೋಡ್ತೀನಲ್ವಾ?

ಈಗ 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ತೆಗೆದುಕೊಳ್ಳಿ. ಮೊದಲ ಹಂತದ ಮೊದಲ ಕೆಲವು ಕ್ಷಣ ನೋಡಿದರೆ ಸಾಕು. ಮಾರಿಯೋ ಪರದೆಯ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ. ಯಾರೂ ಹೇಳದೆ ಕೈ ಬಲಕ್ಕೆ ಒತ್ತುತ್ತೆ. ಎದುರಿಗೆ ಸಿಡುಕು ಮುಖದ ಪುಟ್ಟದೊಂದು ಪ್ರಾಣಿ ಬರುತ್ತೆ. ತಗುಲಿದರೆ ಸತ್ತಿರಿ. ಒಂದು ಜೀವ ಹೋಯಿತು ಅಷ್ಟೇ, ಮತ್ತೆ ಅಲ್ಲಿಂದಲೇ ಶುರು. ಈ ಸಲ ಹಾರುತ್ತೀರಿ. ಪ್ರಶ್ನೆಚಿಹ್ನೆಯ ಇಟ್ಟಿಗೆಗೆ ತಲೆ ಬಡಿದರೆ ಅಣಬೆ ಹೊರಗೆ ಬರುತ್ತೆ, ಬಲಕ್ಕೆ ಜಾರಿ ಕೊಳವೆಗೆ ಡಿಕ್ಕಿ ಹೊಡೆದು ನಿಮ್ಮ ಕಡೆಗೇ ವಾಪಸ್ ಬರುತ್ತೆ. ಹೆದರಿ ಹಾರಿದರೆ ಮೇಲಿನ ಇಟ್ಟಿಗೆ ತಡೆಯುತ್ತೆ. ಕೊನೆಗೆ ಅಣಬೆ ತಗುಲಿ ನೀವು ದೊಡ್ಡವರಾಗುತ್ತೀರಿ, ಓಹೋ ಇದು ಒಳ್ಳೆಯದು ಅಂತ ಗೊತ್ತಾಗುತ್ತೆ. ಒಂದು ಸಾಲು ವಿವರಣೆ ಇಲ್ಲ, ಆಡ್ತಾ ಆಡ್ತಾ ಪಾಠ ಮುಗಿದಿರುತ್ತೆ. ನಿಂಟೆಂಡೋ ಕಂಪನಿಯ ಆಟದ ವಿನ್ಯಾಸಕ ಶಿಗೆರು ಮಿಯಾಮೊಟೊ ಇದನ್ನೆಲ್ಲ ಲೆಕ್ಕ ಹಾಕಿಯೇ ಜೋಡಿಸಿದ್ದರು. ಇಡೀ ಆಟ ಸುಮಾರು 40 ಕಿಲೋಬೈಟ್! ಬೆಳಿಗ್ಗೆ ವಾಟ್ಸಾಪ್‌ಗೆ ಬರುವ ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ಜಾಸ್ತಿ ಜಾಗ ತಿನ್ನುತ್ತೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ, ಬಣ್ಣ ಮಾತ್ರ ಬದಲಾಯಿಸಿದ್ದಾರೆ. ಇದು ಕಲೆಯಲ್ಲದಿದ್ದರೆ ಇನ್ಯಾವುದು ಕಲೆ, ನಿಮ್ಮ ಮಗನನ್ನೇ ಕೇಳಿ.

ನಿಮ್ಮ ಟೆಟ್ರಿಸ್ ಹುಟ್ಟಿದ್ದಂತೂ ಚಿತ್ರವನ್ನೇ ತೋರಿಸಲಾಗದ ಯಂತ್ರದಲ್ಲಿ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಅವರ ಕೈಯಲ್ಲಿದ್ದ ಕಂಪ್ಯೂಟರಿಗೆ ಅಕ್ಷರ, ಚಿಹ್ನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅವರು ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು. ಇರುವುದು ಏಳೇ ಆಕಾರ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಲಹೋಮದ 13 ವರ್ಷದ ಹುಡುಗನೊಬ್ಬ ನಿಂಟೆಂಡೋದ 1989ರ ಟೆಟ್ರಿಸ್ ಅನ್ನು ಎಷ್ಟು ದೂರ ಆಡಿದ ಅಂದರೆ, ಆಟವೇ ತಡೆಯಲಾರದೆ ಸ್ತಬ್ಧವಾಯಿತು. ಅಲ್ಲಿವರೆಗೆ ಯಾವ ಮನುಷ್ಯನೂ ಅಲ್ಲಿಗೆ ಮುಟ್ಟಿದ ದಾಖಲೆ ಇರಲಿಲ್ಲ. ಟೈಂಪಾಸ್ ಅಂತೆ!

ಅದೇ 1989ರಲ್ಲಿ ಕೈಯಲ್ಲಿ ಹಿಡಿದು ಆಡುವ ಎರಡು ಯಂತ್ರ ಬಂದವು. ಅಟಾರಿಯ ಲಿಂಕ್ಸ್‌ಗೆ ಬಣ್ಣದ ಪರದೆ. ನಿಂಟೆಂಡೋದ ಗೇಮ್ ಬಾಯ್‌ಗೆ ಪಾಚಿ ಬಣ್ಣದ ಮಂಕು ಪರದೆ. ಅದನ್ನು ಮಾಡಿದ ಗುನ್ಪೆ ಯೊಕೊಯ್ ಅವರ ಹಟ ಏನಂದರೆ, ಹಳೆಯದಾಗಿ ಅಗ್ಗವಾದ ತಂತ್ರಜ್ಞಾನ ಸಾಕು, ಹೊಸದು ಬೇಕಿರುವುದು ಐಡಿಯಾದಲ್ಲಿ. ನಾಲ್ಕು ಸಣ್ಣ ಸೆಲ್ ಹಾಕಿದರೆ ಗಂಟೆಗಟ್ಟಲೆ ಓಡುತ್ತಿತ್ತು, ಅಮೆರಿಕದಲ್ಲಿ ಜೊತೆಗೆ ಟೆಟ್ರಿಸ್ ಕೊಟ್ಟರು. ಲಿಂಕ್ಸ್ ಹೆಸರು ಇವತ್ತು ಯಾರಿಗೆ ನೆನಪಿದೆ?

ದೂರ ಯಾಕೆ ಹೋಗಬೇಕು, ನಮ್ಮ ಮೈಸೂರಿನಲ್ಲೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಹುಚ್ಚು. ಅವರು ಕಟ್ಟಿದ ಎಲೆಯಾಟಗಳಲ್ಲಿ ಚಾಮುಂಡೇಶ್ವರಿ ಹೆಸರಿನದ್ದಕ್ಕೆ 320 ಎಲೆ. ಒಂದೊಂದರಲ್ಲೂ ಕಣ್ಣು ಕೀಲಿಸುವ ಚಿತ್ರ. ಇವತ್ತು ಅಂಥ ಎಲೆಗಳನ್ನು ನೋಡಬೇಕಾದರೆ ಮ್ಯೂಸಿಯಂ ಗಾಜಿನ ಹಿಂದೆ ಹುಡುಕಬೇಕು. ಚೌಕಾಬಾರಕ್ಕೆ ಏನು ಬೇಕು? ಸೀಮೆಸುಣ್ಣದ ಮನೆ, ನಾಲ್ಕು ಕವಡೆ, ಅದಿಲ್ಲದಿದ್ದರೆ ಒಂದು ಮಗ್ಗುಲು ಉಜ್ಜಿದ ಹುಣಸೆಬೀಜ. ಅದು ಇವತ್ತಿಗೂ ಜಗಲಿ ಬಿಟ್ಟು ಹೋಗಿಲ್ಲ. ಮಹಾರಾಜರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತಿದ್ದೀನಿ.

ಮೊನ್ನೆ ಹಬ್ಬಕ್ಕೆ ಅಕ್ಕನ ಮನೆಗೆ ಹೋಗಿದ್ದಾಗ ಮೊಮ್ಮಕ್ಕಳು ಹೊಸ ಆಟ ತೋರಿಸ್ತೀವಿ ಅಂತ ಕೂರಿಸಿದರು. ಟಿವಿಯಲ್ಲಿ ‘ಅಪ್‌ಡೇಟ್ ಆಗುತ್ತಿದೆ’ ಅಂತ ಬಂತು. ಹೋಳಿಗೆ ಊಟ ಮುಗಿದರೂ ಗೆರೆ ಅರ್ಧ ದಾಟಿರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಮಕ್ಕಳು ಮಹಡಿ ಮೇಲೆ ಹೋಗಿ ಕಣ್ಣಾಮುಚ್ಚಾಲೆ ಆಡಿದರು, ಕಿರುಚಾಟ ಬೀದಿಗೆ ಕೇಳಿಸುತ್ತಿತ್ತು.

ಸರಳವಾದದ್ದನ್ನು ಅದ್ದೂರಿ ಮಾಡುವ ಈ ಕಾಯಿಲೆ ಬರೀ ಆಟಕ್ಕೆ ಅಂಟಿಲ್ಲ ಬಿಡಿ. ಮದುವೆಗೆ ಮೊದಲು ಗಂಡು ಹೆಣ್ಣು ಡ್ರೋನ್ ಕೆಳಗೆ ಓಡಬೇಕು. ಸಿನಿಮಾಗೆ ಮೂರು ಭಾಗ ಇಲ್ಲದಿದ್ದರೆ ನಿರ್ಮಾಪಕರಿಗೆ ಅವಮಾನ. ಹೋಟೆಲಿನಲ್ಲಿ ‘ಒಂದು ಖಾಲಿ ದೋಸೆ, ಒಂದು ಕಾಫಿ’ ಅಂದರೆ ಮಾಣಿ ಟೇಬಲ್ ಮೇಲಿನ ಚೌಕ ತೋರಿಸಿ ಸ್ಕ್ಯಾನ್ ಮಾಡಿ ಸರ್ ಅಂತಾನೆ. ಎದುರಿಗೇ ನಿಂತಿದ್ದಾನೆ, ಅವನಿಗೆ ಹೇಳಿದರೆ ಆಗಲ್ವಂತೆ! ನಮ್ಮ ಪತ್ರಿಕೆಗೆ ಬರುವ ಕತೆಗಳಿಗೂ ಈಗ ಮುನ್ನುಡಿ ಲಗತ್ತಾಗಿರುತ್ತೆ. ಕತೆಗಾರ ಮಿತ್ರರು ಇದನ್ನು ಓದಲಿ ಅಂತಲೇ ಬರೆದೆ.

ಸರಿ, ನೀವು ಕೇಳಿದ್ದು ಇಬ್ಬರ ಆಟ. 2016ರ ‘ಓವರ್‌ಕುಕ್ಡ್’ ತಂದುಕೊಳ್ಳಿ. ಬರೀ ಇಬ್ಬರು ಸೇರಿ ಶುರು ಮಾಡಿದ ಇಂಗ್ಲೆಂಡಿನ ಪುಟ್ಟ ಕಂಪನಿಯ ಆಟ. ಈರುಳ್ಳಿ ಹೆಚ್ಚಬೇಕು, ಸೂಪ್ ಕುದಿಸಬೇಕು, ತಟ್ಟೆಗೆ ಹಾಕಿ ಕೊಡಬೇಕು, ಎಂಜಲು ತಟ್ಟೆ ತೊಳೆಯಬೇಕು. ಅಷ್ಟೇ. ಸೂಪ್ ತಳ ಹತ್ತಿ ಅಡುಗೆಮನೆಗೆ ಬೆಂಕಿ ಬಿದ್ದಾಗ ನೀವು ಮಗನ ಮೇಲೆ, ಮಗ ನಿಮ್ಮ ಮೇಲೆ ಕೂಗಾಡುತ್ತೀರಿ. ನಿದ್ದೆ ಬರಲ್ಲ, ಅದಕ್ಕೆ ನಾನು ಜವಾಬ್ದಾರಿ. ಇಬ್ಬರೂ ಆರಾಮಾಗಿ ಆಡಬೇಕಾದರೆ ಎರಡು ಕಂಟ್ರೋಲರ್ ಬೇಕು. ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದೇ ಇಟ್ಟಿರುತ್ತಾರೆ, ಇನ್ನೊಂದಕ್ಕೆ ಮತ್ತೆ ಸಾವಿರಾರು ರೂಪಾಯಿ. ಆ ಜಗಳವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

– ಸಂ.