ಕಣಿಲೆ ನೀರಿಗೆ ಬೆಳ್ಳುಳ್ಳಿ ಹಾಕಿದರೆ ವಿಷ ಬೇಗ ಹೋಗುತ್ತದಾ?

ಪ್ರಶ್ನೆ: ನಮ್ಮತ್ತೆ ಕಣಿಲೆಯನ್ನು (ಎಳೆ ಬಿದಿರಿನ ಮೊಳಕೆ) ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುತ್ತಾರೆ. ಅದರಲ್ಲಿರುವ ಸಯನೈಡ್‌ಗೆ ಗಂಧಕ ಸೇರಿದರೆ ವಿಷ ಇಳಿಯುತ್ತದೆ ಅಂತ ನನ್ನ ತಮ್ಮ ಹೇಳಿದ. ಬೆಳ್ಳುಳ್ಳಿಯಲ್ಲಿ ಗಂಧಕ ಇದೆ ತಾನೇ? ನಾಲ್ಕು ಎಸಳು ಜಜ್ಜಿ ಹಾಕಿ ಒಂದೇ ರಾತ್ರಿಗೆ ಮುಗಿಸಬಹುದಲ್ವಾ?
– ಓದುಗರು, ಸೋಮವಾರಪೇಟೆ

ಉತ್ತರ: ತಮ್ಮ ಹೇಳಿದ್ದು ಸುಳ್ಳಲ್ಲ. ಸಯನೈಡ್‌ಗೆ ಗಂಧಕದ ಒಂದು ಪರಮಾಣು ಅಂಟಿಕೊಂಡರೆ ಥಯೋಸಯನೇಟ್ ಆಗುತ್ತದೆ, ಅದರ ವಿಷ ತುಂಬಾ ಕಡಿಮೆ, ಮೂತ್ರದಲ್ಲಿ ಹೋಗಿಬಿಡುತ್ತದೆ. ನಮ್ಮ ದೇಹ ಮಾಡುವುದೂ ಇದನ್ನೇ. ಪಿತ್ತಜನಕಾಂಗದಲ್ಲಿ ರೊಡನೀಸ್ ಅನ್ನೋ ಕಿಣ್ವ ಇದೆ, ಅದು ಥಯೋಸಲ್ಫೇಟ್ ಅನ್ನೋ ಗಂಧಕವಿರುವ ವಸ್ತುವಿನಿಂದ ಗಂಧಕ ಕಿತ್ತು ಸಯನೈಡ್‌ಗೆ ಕೊಡುತ್ತದೆ. 1933ರಲ್ಲಿ ಇದನ್ನು ಕಂಡುಹಿಡಿದವರು ಕೊನ್ರಾಡ್ ಲಾಂಗ್.

ಆದರೆ ನಿಮ್ಮ ಬಕೆಟ್ಟಿನಲ್ಲಿ ಆ ಕಿಣ್ವ ಇಲ್ಲವಲ್ಲ! ಕಿಣ್ವ ಇಲ್ಲದೆ ಬರೀ ನೀರಿನಲ್ಲಿ ಥಯೋಸಲ್ಫೇಟ್ ಮತ್ತು ಸಯನೈಡ್ ನಡುವಿನ ಕ್ರಿಯೆ ತೀರಾ ನಿಧಾನ. ಯಾಕಂದರೆ ಗಂಧಕ ಹಿಡಿಯುವುದು ಸಯನೈಡ್ ಅಯಾನು, ಅಂದರೆ ವಿದ್ಯುದಂಶ ಹೊತ್ತ ಸಯನೈಡ್, ಸಾಮಾನ್ಯ ನೀರಿನಲ್ಲಿ ಅದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಉಳಿದದ್ದೆಲ್ಲ ಹೈಡ್ರೋಜನ್ ಸಯನೈಡ್ ಆಗಿಯೇ ಕೂತಿರುತ್ತದೆ. ಮೇಲೆ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಚಳಿ ಬೇರೆ, ತಣ್ಣಗಿದ್ದಷ್ಟೂ ಕ್ರಿಯೆ ಇನ್ನೂ ಮಂದ. ಗಂಧಕದ ಪರಮಾಣುಗಳು ಸರಪಳಿಯಂತೆ ಸೇರಿರುವ ಪಾಲಿಸಲ್ಫೈಡ್‌ಗಳು ಬಹಳ ಚುರುಕು, ಬೆಳ್ಳುಳ್ಳಿಯಲ್ಲೂ ಆ ಬಗೆಯವು ಸ್ವಲ್ಪ ಹುಟ್ಟುತ್ತವೆ. ಆದರೆ ನಾಲ್ಕು ಎಸಳನ್ನು ನಂಬಿ ಕೂರುವ ಲೆಕ್ಕ ಅದಲ್ಲ. ಇನ್ನು ಅಂಗಡಿಯ ಗಂಧಕದ ಪುಡಿ ನೀರಿನಲ್ಲಿ ಕರಗುವುದೇ ಇಲ್ಲ, ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ವಿಷ ನೀರಿನಲ್ಲಿಲ್ಲ, ಕಣಿಲೆಯ ಒಳಗಿದೆ. ಟ್ಯಾಕ್ಸಿಫಿಲಿನ್ ಅನ್ನೋ ವಸ್ತುವಾಗಿ, ಸಕ್ಕರೆಗೆ ಅಂಟಿಕೊಂಡು. ಹೊರಗಿನ ಬೆಳ್ಳುಳ್ಳಿ ಅಲ್ಲಿಗೆ ಹೇಗೆ ಹೋಗುತ್ತೆ ಹೇಳಿ? ಚುಚ್ಚುವ ರೋಮದ ಸಿಪ್ಪೆ ಬಿಡಿಸಿ, ಬಿಳಿ ತಿರುಳನ್ನು ತೆಳ್ಳಗೆ ಹೆಚ್ಚಿದಾಗ ಕೋಶಗಳು ಒಡೆದು, ಕಣಿಲೆಯದೇ ಕಿಣ್ವ ಸೇರಿ ಟ್ಯಾಕ್ಸಿಫಿಲಿನ್ ಒಡೆಯುತ್ತದೆ. ಆಗ ಸಯನೈಡ್ ನೀರಿಗೆ ಇಳಿಯುತ್ತದೆ. ಅತ್ತೆ ಚೆಲ್ಲುವ ಆ ಮಬ್ಬು ನೀರಿನ ಜೊತೆ ಅದೂ ಹೊರಗೆ ಹೋಗುತ್ತದೆ.

ಉಳಿದದ್ದಕ್ಕೆ ಬೇಯಿಸುವುದು. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯ ಮುಚ್ಚಳ ತೆಗೆದಿಟ್ಟು ಚೆನ್ನಾಗಿ ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಕಿಟಕಿ ತೆರೆದಿರಲಿ. ಬೇಯಿಸಿದ ನೀರನ್ನೂ ಚೆಲ್ಲಿ, ದನಕ್ಕೆ ಇಡಬೇಡಿ. ಚೂರು ಬಾಯಿಗಿಟ್ಟಾಗ ಕಹಿ ಅನ್ನಿಸಿದರೆ ಇನ್ನೊಂದು ನೀರಿನಲ್ಲಿ ಬೇಯಿಸಿ.

ಬೆಳ್ಳುಳ್ಳಿಯನ್ನು ಒಗ್ಗರಣೆಗೆ ಹಾಕಿ. ಅಕ್ಕಿ ರೊಟ್ಟಿ ಜೊತೆ ಮೊಟ್ಟೆಯೋ ಬೇಳೆಯೋ ಇದ್ದರೆ ಇನ್ನೂ ಒಳ್ಳೆಯದು, ರೊಡನೀಸ್‌ಗೆ ಬೇಕಾದ ಗಂಧಕ ಬರುವುದು ಅಂಥ ಪ್ರೋಟೀನಿನಿಂದಲೇ. ಆದರೆ ತಿಂದಾದ ಮೇಲೆ ತಲೆಸುತ್ತು, ವಾಂತಿ, ಉಸಿರುಗಟ್ಟಿದ ಹಾಗೆ ಏನಾದರೂ ಆದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ಥಯೋಸಲ್ಫೇಟನ್ನು ರಕ್ತನಾಳಕ್ಕೇ ಕೊಡುವ ಚಿಕಿತ್ಸೆ ಇದೆ.