ಕರ್ನಾಟಕ ವಿಧಾನಸಭೆಗೆ ಮಹಿಳೆಯೊಬ್ಬರು ಸ್ಪೀಕರ್ ಆಗಿದ್ದರಾ?

ಆಗಿದ್ದರು. ಕೆ.ಎಸ್. ನಾಗರತ್ನಮ್ಮ, ಗುಂಡ್ಲುಪೇಟೆ ಶಾಸಕಿ. 1972ರಿಂದ 1978ರವರೆಗೆ ಸ್ಪೀಕರ್. ಅವರಿಗಿಂತ ಮೊದಲು ಯಾವ ಮಹಿಳೆಯೂ ಆ ಪೀಠದಲ್ಲಿ ಕೂತಿರಲಿಲ್ಲ. ಇವತ್ತಿನವರೆಗೆ ಆಮೇಲೂ ಕೂತಿಲ್ಲ.

"ಪಕ್ಷದವರು ಹೆಣ್ಣುಮಗಳು ಅಂತ ಸುಮ್ನೆ ಕೂರಿಸಿದ್ದಾ, ಇಲ್ಲಾ ಸ್ವಂತ ಬಲ ಇತ್ತಾ" ಅಂತಲೂ ಕೇಳಿದ್ದೀರಿ. ಅದಕ್ಕೆ ಉತ್ತರ ಹೇಳಬೇಕಾದರೆ 1957ಕ್ಕೆ ಹೋಗಬೇಕು.

ರಾಜ್ಯ ಏಕೀಕರಣ ಆದ ಮೇಲೆ ನಡೆದ ಮೊದಲ ಚುನಾವಣೆ ಅದು. 208 ಸ್ಥಾನಗಳಲ್ಲಿ ಕಾಂಗ್ರೆಸ್ 150 ಗೆದ್ದಿತ್ತು. ಕಾಂಗ್ರೆಸ್ ಟಿಕೆಟ್ ಸಿಕ್ಕರೆ ಅರ್ಧ ಗೆದ್ದ ಹಾಗೆ ಅನ್ನುವ ಕಾಲ. ಅಂಥಾ ಹೊತ್ತಲ್ಲಿ ನಾಗರತ್ನಮ್ಮ ಗುಂಡ್ಲುಪೇಟೆಯಿಂದ ಪಕ್ಷೇತರರಾಗಿ ನಿಂತು ಗೆದ್ದರು. ಬಂಡೀಪುರ ಕಾಡಿನ ಅಂಚಿನ ತಾಲೂಕು, ಆಚೆಗೆ ಕೇರಳ, ತಮಿಳುನಾಡು. ಮಳೆ ನಂಬಿಕೊಂಡ ಬೇಸಾಯ. ಅಲ್ಲಿ ಒಬ್ಬ ಮಹಿಳೆ, ಪಕ್ಷದ ಹೆಸರಿಲ್ಲದೆ, ಓಟು ಕೇಳಿ ಗೆದ್ದರು ಅನ್ನೋದೇ ನನ್ನ ಪ್ರಕಾರ ಇಡೀ ಕಥೆಯ ಬೇರು. ಆಮೇಲೆ 1962, 1967, 1972ರಲ್ಲೂ ಗೆದ್ದರು. ಕಾಂಗ್ರೆಸ್ಸಿನಿಂದ ಸ್ಪೀಕರ್ ಆಗುವ ಹೊತ್ತಿಗೆ ಅವರಿಗೆ ಶಾಸಕಿಯಾಗಿ 15 ವರ್ಷದ ಅನುಭವ ಇತ್ತು. ಇದನ್ನ "ಕೂರಿಸಿದ್ದು" ಅನ್ನೋಕಾಗುತ್ತಾ?

ಇನ್ನು ಅವರು ಪೀಠದಲ್ಲಿದ್ದ ಕಾಲ ನೋಡಿ. ಒಂದು ಕಡೆ ಮುಖ್ಯಮಂತ್ರಿ ದೇವರಾಜ ಅರಸು. ಎದುರುಗಡೆ ವಿರೋಧ ಪಕ್ಷದ ನಾಯಕರಾಗಿ ಎಚ್.ಡಿ. ದೇವೇಗೌಡರು. ಇಬ್ಬರ ನಡುವೆ ಈಯಮ್ಮ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡುವ ನಿರ್ಣಯ 1972ರ ಜುಲೈನಲ್ಲಿ ಸದನದ ಮುಂದೆ ಬಂದಾಗ ಪೀಠದಲ್ಲಿದ್ದವರು ಅವರೇ. 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು. ಮೈಸೂರು ವಿಧಾನಸಭೆಗೆ ಸ್ಪೀಕರ್ ಆಗಿ ಬಂದವರು ಹಾಗೆ ಕರ್ನಾಟಕ ವಿಧಾನಸಭೆಯ ಸ್ಪೀಕರ್ ಆದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ, ಅಂದರೆ ಉಳುವವನೇ ಹೊಲದೊಡೆಯ ಅನ್ನೋ ಕಾನೂನು, ಅದೂ ಅದೇ ವಿಧಾನಸಭೆಯದ್ದು. ಸದನದಲ್ಲಿ ಜಮೀನಿದ್ದವರು ಬೇಕಾದಷ್ಟು ಜನ ಇದ್ದರು. ಅಂಥಾ ಚರ್ಚೆ ನಡೆಸಿಕೊಡೋದು ಸುಲಭದ ಮಾತಲ್ಲ. ಆಮೇಲೆ ತುರ್ತು ಪರಿಸ್ಥಿತಿ. ದೇವೇಗೌಡರು ಜೈಲಿಗೆ ಹೋದರು.

ಸ್ಪೀಕರ್ ಕೆಲಸ ಗಂಟೆ ಬಾರಿಸೋದಷ್ಟೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಯಾರಿಗೆ ಮಾತಾಡಲು ಅವಕಾಶ, ಯಾವ ಮಾತು ಕಡತಕ್ಕೆ ಹೋಗಬಾರದು, ಕ್ರಿಯಾಲೋಪ, ಅಂದರೆ ಸದನದ ನಿಯಮ ಮುರಿದಿದೆ ಅನ್ನೋ ಆಕ್ಷೇಪ ಎತ್ತಿದರೆ ಅದು ಸರಿಯೋ ತಪ್ಪೋ, ಯಾವುದು ಧನ ಮಸೂದೆ (ಮನಿ ಬಿಲ್), ಎಲ್ಲದಕ್ಕೂ ಅವರ ತೀರ್ಪೇ ಕೊನೆ. ಮತ ಸಮ ಸಮ ಆದರೆ ಮಾತ್ರ ಅವರು ಮತ ಹಾಕಬಹುದು. ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಸ್ಪೀಕರ್ ಎದ್ದು ನಿಂತರೆ, ಮಾತಾಡುತ್ತಿರುವ ಸದಸ್ಯರು ಎಷ್ಟೇ ದೊಡ್ಡವರಾದರೂ ತಕ್ಷಣ ಕೂತುಕೊಳ್ಳಬೇಕು. 1972ರಲ್ಲಿ ನಮ್ಮ ಎಷ್ಟು ಮನೆಗಳಲ್ಲಿ ಗಂಡಸರ ಮಾತಿನ ನಡುವೆ ಹೆಣ್ಣುಮಗಳು ಬಾಯಿ ತೆರೆಯಬಹುದಿತ್ತು? ವಿಧಾನಸೌಧದಲ್ಲಿ ನಾಗರತ್ನಮ್ಮ ಎದ್ದರೆ ಗಂಡಸರೆಲ್ಲ ಕೂರಬೇಕಿತ್ತು.

1978ರಲ್ಲಿ ಕ್ಷೇತ್ರ ಕೈತಪ್ಪಿತು. ಬಹಳ ಜನರ ರಾಜಕೀಯ ಅಲ್ಲಿಗೇ ಮುಗಿಯುತ್ತೆ. ಇವರದ್ದು ಮುಗಿಯಲಿಲ್ಲ. 1983ರಲ್ಲಿ ವಾಪಸ್ ಬಂದರು. 1985ರಲ್ಲಿ ಜನತಾ ಪಕ್ಷದ ಅಲೆಯಲ್ಲಿ ಕಾಂಗ್ರೆಸ್ 65ಕ್ಕೆ ಇಳಿಯಿತು, ಗುಂಡ್ಲುಪೇಟೆಯಲ್ಲಿ ಮಾತ್ರ ನಾಗರತ್ನಮ್ಮ ಗೆದ್ದೇ ಗೆದ್ದರು. ಆ ದಶಕದ ಕೊನೆಗೆ ವಿರೋಧ ಪಕ್ಷದ ನಾಯಕಿಯೂ ಆದರು. ನನಗೆ ಇದು ಸ್ಪೀಕರ್ ಹುದ್ದೆಗಿಂತ ಒಂದು ಕೈ ಜಾಸ್ತಿಯೇ ಅನ್ನಿಸುತ್ತೆ. ಪೀಠದಲ್ಲಿ ಕೂತವರು ಯಾರ ಕಡೆಯೂ ವಾಲಬಾರದು. ವಿರೋಧ ಪಕ್ಷದ ನಾಯಕಿ ಪ್ರತಿದಿನ ಸರ್ಕಾರದ ಎದುರು ನಿಂತು ಜಗಳ ಆಡಬೇಕು. ಎರಡೂ ಕಡೆ ಕೆಲಸ ಮಾಡಿದವರು ನಮ್ಮಲ್ಲಿ ಕಡಿಮೆ. 1989ರಲ್ಲಿ ಮತ್ತೆ ಗೆದ್ದರು. ಒಟ್ಟು ಏಳು ಸಲ, ಎಲ್ಲವೂ ಅದೇ ಗುಂಡ್ಲುಪೇಟೆಯಿಂದ.

ಅಂದ ಹಾಗೆ, ರಾಜ್ಯದಲ್ಲಿ ಮಂತ್ರಿಯಾಗಿದ್ದ ಯಶೋಧರಾ ದಾಸಪ್ಪ ಬೇರೆಯವರು. ಪಾನನಿಷೇಧ ತೆಗೆದಿದ್ದನ್ನ ಒಪ್ಪದೆ ರಾಜೀನಾಮೆ ಕೊಟ್ಟವರು ಅವರು. ಇಬ್ಬರ ಹೆಸರನ್ನೂ ಜನ ಕಲಸಿಬಿಡುತ್ತಾರೆ, ಅದಕ್ಕೇ ಹೇಳಿದೆ.

2023ರ ಚುನಾವಣೆಯಲ್ಲಿ 224 ಕ್ಷೇತ್ರಗಳಿಂದ ಗೆದ್ದು ಬಂದ ಮಹಿಳೆಯರು ಹತ್ತೇ ಜನ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಪಕ್ಷಗಳು ಈಗಲೂ "ಗೆಲ್ಲುವ ಮಹಿಳೆ ಎಲ್ಲಿದ್ದಾರೆ" ಅಂತಲೇ ಕೇಳುತ್ತವೆ. ಟಿಕೆಟ್ಟೇ ಇಲ್ಲದೆ ಗೆದ್ದವರು 1957ರಲ್ಲೇ ಇದ್ದರಲ್ವಾ?

ನಾಗರತ್ನಮ್ಮನವರ ಬಗ್ಗೆ ಇನ್ನೂ ತಿಳಿಯಬೇಕು ಅಂದರೆ 1972–78ರ ವಿಧಾನಸಭೆ ನಡವಳಿಗಳನ್ನ ಓದಿ. ಭೂಸುಧಾರಣೆ ಚರ್ಚೆಯಿಂದ ಶುರು ಮಾಡಿ.