ಅಳತೆ ಪುಸ್ತಕದ ಹಿಂದಿನ ಪುಟಗಳು

ಇವರನ್ನು ಸಾವಿತ್ರಮ್ಮ ಎಂದು ಕರೆಯೋಣ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 52. ತಿಪಟೂರಿನ ಕಡೆಯವರು ಅಂತಿಟ್ಟುಕೊಳ್ಳಿ. ಮನೆಯಲ್ಲೇ ಹೊಲಿಗೆ, ಅದರಲ್ಲೂ ರವಿಕೆ ಹೊಲಿಯುವುದರಲ್ಲಿ ಪಳಗಿದ ಕೈ. ಬಲ ಸ್ತನದಲ್ಲಿ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಸ್ತನದ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಆಸ್ಪತ್ರೆಯಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದಾಗ ಆಪರೇಷನ್ ಆಗಿ ಎರಡು ತಿಂಗಳು, ಎರಡು ಕೀಮೋ ಮುಗಿದಿತ್ತು.

"ತುಂಬಾ ಮಂಕಾಗಿದ್ದಾರೆ, ಸ್ವಲ್ಪ ಮಾತಾಡಿಸಿ" ಎಂದು ಡಾಕ್ಟರ್ ಕಳಿಸಿದ್ದರು. ಜೊತೆಗೆ ಗಂಡ, ತಾಯಿ. ತಾಯಿಗೆ 74. ಮೇ ತಿಂಗಳ ಸೆಕೆ, ಆದರೂ ಸಾವಿತ್ರಮ್ಮನ ಕಿವಿಯಲ್ಲಿ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫು, ಕಾಲಿಗೆ ಸಾಕ್ಸು.

"ಬಾಣಂತಿ ನೋಡ್ಕೊಂಡಂಗೆ ನೋಡ್ಕೊಳ್ತಿದೀನಿ ಕಣಮ್ಮ. ಒಂದು ಲೋಟ ಎತ್ತೋಕೂ ಬಿಟ್ಟಿಲ್ಲ" ಎಂದರು ತಾಯಿ, ಹೆಮ್ಮೆಯಿಂದ.

ಅದು ಬಾಯಿಮಾತಲ್ಲ. ಬಾಣಂತನದ ಅಷ್ಟೂ ಕಟ್ಟುಪಾಡು ಆ ಮನೆಗೆ ಬಂದಿತ್ತು. ಗಾಳಿಗೆ ಹೋಗಬಾರದು, ತಣ್ಣೀರು ಮುಟ್ಟಬಾರದು, ಮೆಟ್ಟಿಲು ಹತ್ತಬಾರದು. ಬಲಗೈಯನ್ನಂತೂ ಅಲ್ಲಾಡಿಸಲೇಬಾರದು, ಒಳಗಿನ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಡಿಸ್ಚಾರ್ಜ್ ದಿನ ನಮ್ಮ ಆಸ್ಪತ್ರೆಯವರೇ ಕೈ ವ್ಯಾಯಾಮದ ಹಾಳೆ ಕೊಟ್ಟಿದ್ದರು. ಅದು ಇಂಗ್ಲಿಷಿನಲ್ಲಿತ್ತು. ಅಜ್ಜಿ ಅದನ್ನು ಆಸ್ಪತ್ರೆ ಬಿಲ್ಲುಗಳ ಜೊತೆ ಭದ್ರವಾಗಿ ಎತ್ತಿಟ್ಟಿದ್ದರು. ಅವರನ್ನು ಬೈಯುವುದು ಹೇಗೆ?

"ಕೈ ಎಷ್ಟು ಮೇಲೆ ಹೋಗುತ್ತೆ ತೋರಿಸಿ" ಎಂದೆ. ಎದೆಯ ಮಟ್ಟಕ್ಕೆ ಬಂದು ನಿಂತಿತು. "ಕಂಕುಳಿಂದ ಮೊಣಕೈ ತನಕ ಒಳಗೆ ದಾರ ಎಳೆದು ಗಂಟು ಹಾಕಿದಂಗಿದೆ ಮೇಡಂ." ಹೊಲಿಗೆಯವರಲ್ಲವೇ, ಹೋಲಿಕೆ ಕರಾರುವಾಕ್ಕಾಗಿತ್ತು. ಕಂಕುಳಿನ ಗ್ರಂಥಿ ತೆಗೆದವರಲ್ಲಿ ಕೆಲವರಿಗೆ ಚರ್ಮದ ಕೆಳಗೆ ಹೀಗೆ ತಂತಿಯಂಥ ಎಳೆಗಳು ಕಾಣಿಸಿಕೊಳ್ಳುತ್ತವೆ. ಅಪಾಯವೇನಿಲ್ಲ. ನಿಧಾನವಾಗಿ ಎಳೆದು ಚಾಚುತ್ತಾ ಹೋದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಸಡಿಲವಾಗುತ್ತವೆ. ಕೈ ಮಡಚಿಕೊಂಡೇ ಕೂತರೆ ಭುಜವೂ ಹಿಡಿದುಕೊಳ್ಳುತ್ತದೆ.

ನಾನು ಆಪ್ತಸಲಹೆಗಾರ್ತಿ, ಡಾಕ್ಟರಲ್ಲ, ವ್ಯಾಯಾಮ ಹೇಳಿಕೊಡುವ ಫಿಸಿಯೋನೂ ಅಲ್ಲ. ಹಾಗಾಗಿ ಮೊದಲು ಅವರಿಬ್ಬರನ್ನೂ ಕೇಳಿದೆ. ಸಾವಿತ್ರಮ್ಮನಿಗೆ ಹೋಗುತ್ತಿದ್ದದ್ದು ರೋಗಿಗಳು "ಕೆಂಪು ಔಷಧಿ" ಎನ್ನುವ ಕೀಮೋ. ಅದು ಕೆಲವರಲ್ಲಿ ಹೃದಯದ ಶಕ್ತಿ ಕುಗ್ಗಿಸುವುದರಿಂದ ಮೊದಲೇ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿರುತ್ತಾರೆ. ಇವರದು ಸರಿಯಾಗಿತ್ತು. ಮೂಳೆಗೆ ಹರಡಿರಲಿಲ್ಲ. ನಡೆಯಬಹುದು, ಕೈ ಆಡಿಸಬಹುದು, ಆಡಿಸಲೇಬೇಕು ಎಂದರು.

ಆಮೇಲೆ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ.

ಕ್ಯಾನ್ಸರ್ ಮತ್ತು ವ್ಯಾಯಾಮದ ಬಗ್ಗೆ ಹಲವು ದೇಶಗಳ ತಜ್ಞರು ಕೂತು ತೀರ್ಮಾನಿಸಿ 2019ರಲ್ಲಿ ಪ್ರಕಟಿಸಿದ ಒಂದು ಲೆಕ್ಕವಿದೆ. ವಾರಕ್ಕೆ 3 ದಿನ 30 ನಿಮಿಷ ನಡಿಗೆಯಂಥ ವ್ಯಾಯಾಮ, 2 ದಿನ ತೂಕ ಎತ್ತುವಂಥದ್ದು. ಅದರ ಅರ್ಧ ಮಾಡಿ, ಅಚ್ಚುಕಟ್ಟಾದ ಚಾರ್ಟ್ ಬರೆದು, ಕನ್ನಡದಲ್ಲೇ ಕೊಟ್ಟೆ. ಮಾಡಿದ ದಿನ ಟಿಕ್ ಹಾಕಿ ಎಂದೆ. ಮೂರು ವಾರ ಬಿಟ್ಟು ಬಂದಾಗ ಎಲ್ಲ ಮನೆಗಳಲ್ಲೂ ಟಿಕ್. ಒಂದೇ ನೀಲಿ ಪೆನ್ನು, ಒಂದೇ ಓರೆ. ಅವರು ಜ್ವರ ಬಂದು ಅಡ್ಮಿಟ್ ಆಗಿದ್ದ ಎರಡು ದಿನಕ್ಕೂ ಟಿಕ್ ಇತ್ತು.

"ಬಸ್ಸಲ್ಲಿ ಹಾಕಿದ್ರಾ?" ಎಂದೆ. ನಗು ಬಂತು ಅವರಿಗೆ. ಎರಡು ತಿಂಗಳಲ್ಲಿ ಮೊದಲ ನಗು ಎಂದು ಗಂಡ ಆಮೇಲೆ ಹೇಳಿದರು.

ಆ ನಗುವಿನ ಹಿಂದೆ ನಿಜ ಬಂತು. ಬೆಂಗಳೂರಿನಲ್ಲಿರುವ ಮಗ ಕೈಗಡಿಯಾರ ತಂದು ಕಟ್ಟಿ ದಿನಕ್ಕೆ 10,000 ಹೆಜ್ಜೆ ಎಂದಿದ್ದ. ಅಜ್ಜಿ ಹಾಸಿಗೆ ಬಿಟ್ಟು ಏಳಬೇಡ ಎನ್ನುತ್ತಿದ್ದರು. ನಾನು ಚಾರ್ಟ್ ಕೊಟ್ಟಿದ್ದೆ. ಎಲ್ಲರನ್ನೂ ಸಮಾಧಾನ ಮಾಡಲು ಸಾವಿತ್ರಮ್ಮ ಒಂದು ದಾರಿ ಕಂಡುಕೊಂಡಿದ್ದರು. ಮೈ ಹಗುರ ಇದ್ದ ದಿನ ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ ಇಡೀ ಮನೆ ಗುಡಿಸಿ ಒರೆಸಿ, ದೋಸೆ ಹಿಟ್ಟು ರುಬ್ಬಿ, ಆಮೇಲೆ ಮೂರು ದಿನ ಮಲಗುವುದು. ಅದನ್ನು ಕಂಡು ಅಜ್ಜಿ, "ನೋಡ್ದಾ, ಹೇಳ್ಲಿಲ್ವಾ ನಾನು?"

ಈ ಸುಸ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗದ್ದೆ ಕೆಲಸ ಮಾಡಿ ಬರುವ ಸುಸ್ತು ಮಲಗಿದರೆ ಹೋಗುತ್ತದೆ. ಕೀಮೋ ಸುಸ್ತು ಹಾಗಲ್ಲ. ಹತ್ತು ಗಂಟೆ ನಿದ್ದೆ ಮಾಡಿ ಎದ್ದರೂ ಅಲ್ಲೇ ಇರುತ್ತದೆ. ಮಲಗಿದಷ್ಟೂ ಸ್ನಾಯು ಕರಗುತ್ತದೆ. ನಾಳೆ ಬಚ್ಚಲುಮನೆಗೆ ಹೋಗಿ ಬರುವುದೂ ಭಾರ. ಈ ಸುಸ್ತಿಗೆ ಚೆನ್ನಾಗಿ ಕೆಲಸ ಮಾಡುವ ಮದ್ದುಗಳಲ್ಲಿ ನಿಧಾನದ ವ್ಯಾಯಾಮವೂ ಒಂದು ಎಂದರೆ ಜನ ನಂಬುವುದಿಲ್ಲ. ಸುಸ್ತಾದವರನ್ನು ನಡಿ ಅನ್ನುವುದು ಕ್ರೂರವಾಗಿ ಕಾಣುತ್ತದೆ, ಅಲ್ವಾ? ಆದರೆ ಒಂದೇ ದಿನ ಎಲ್ಲ ಮಾಡಿ ಮೂರು ದಿನ ಬೀಳುವುದಕ್ಕಿಂತ ದಿನಾ ಐದೇ ನಿಮಿಷ ನಡೆಯುವುದು ಮೇಲು.

ಚಾರ್ಟ್ ಹರಿದು ಹಾಕಿದೆ. "ನೀವೇ ದಿನಾ ಏನಾದರೂ ಬರೀತೀರಾ?" ಎಂದು ಕೇಳಿದೆ. "ನಾನೇನು ಬರೀತೀನಿ ಮೇಡಂ, ಅಳತೆ ಪುಸ್ತಕ ಒಂದೇ."

ಸರಿ, ಅದರ ಹಿಂದಿನ ಪುಟಗಳಿಂದ ಶುರು ಮಾಡಿ ಎಂದೆ. ನಾನು ಕೊಟ್ಟ ಸಲಹೆಗಳಲ್ಲಿ ಕೆಲಸ ಮಾಡಿದ್ದು ಬಹುಶಃ ಇದೊಂದೇ. ಉಳಿದದ್ದೆಲ್ಲ ಅವರೇ ಕಂಡುಕೊಂಡರು.

ಮೊದಲು ಕೈ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲಕ್ಕೆ ನಡೆಸುವುದು ಫಿಸಿಯೋ ಹೇಳಿಕೊಡುವ ಹಳೆಯ ವ್ಯಾಯಾಮ. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. ಸಾವಿತ್ರಮ್ಮ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಗೋಡೆ ಮೇಲೆ ಗೆರೆ ಎಳೆದರು. ವಾರಕ್ಕೊಂದು ಗೆರೆ. ಮಲಗಿಕೊಂಡು ಎರಡೂ ಕೈ ಹೆಣೆದು, ಎಡಗೈಯ ಆಸರೆಯಲ್ಲಿ ಬಲಗೈಯನ್ನು ತಲೆಯ ಹಿಂದಕ್ಕೆ ಒಯ್ಯುವುದು ಇನ್ನೊಂದು. ಇದಕ್ಕೊಂದು ಗಡುವೂ ಇತ್ತು. ಮುಂದೆ ರೇಡಿಯೇಷನ್ ಕೊಡುವಾಗ ಕೈಯನ್ನು ತಲೆಯ ಮೇಲಿಟ್ಟುಕೊಂಡು ಅಲುಗಾಡದೆ ಮಲಗಬೇಕು. ಕೈ ಮೇಲೆ ಹೋಗದಿದ್ದರೆ ಚಿಕಿತ್ಸೆ ಶುರು ಮಾಡುವುದೇ ಕಷ್ಟ. ಈ ಮಾತು ಅಜ್ಜಿಗೆ ತಾಗಿತು.

ಪೂರ್ತಿ ಒಪ್ಪಿದ್ದು ಮಾತ್ರ ಬೇರೆ ಕಾರಣಕ್ಕೆ. ಒಂದು ದಿನ ಅವರೊಬ್ಬರನ್ನೇ ಕೂರಿಸಿಕೊಂಡು, "ಅಮ್ಮಾ, ನಿಮ್ಮ ಕಡೆ ಬಾಣಂತಿ ಯಾವಾಗ ಹೊರಗೆ ಬರ್ತಾಳೆ?" ಎಂದು ಕೇಳಿದೆ. "ಗಂಗೆ ಪೂಜೆ ಮಾಡಿಸ್ತೀವಲ್ಲ. ಅವಳೇ ಕೊಡದಲ್ಲಿ ನೀರು ಎತ್ಕೊಂಡು ಒಳಕ್ಕೆ ಬರ್ತಾಳೆ. ಆಮೇಲೆ ಮನೆ ಕೆಲಸ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಸಾವಿತ್ರಿಗೆ ಯಾರೂ ಗಂಗೆ ಪೂಜೆ ಮಾಡಿಸ್ಲೇ ಇಲ್ಲ ನೋಡು" ಎಂದರು. ನಾನು ಹೇಳಬೇಕೆಂದಿದ್ದನ್ನು ಅವರೇ ಹೇಳಿದ್ದರು. ಊರಿಗೆ ಹೋಗಿ ಅರಿಶಿನ ಕುಂಕುಮ ಇಟ್ಟು ಒಂದು ಸಣ್ಣ ಚೊಂಬು ನೀರು ಹೊರಿಸಿದರಂತೆ. ಕೊಡ ಅಲ್ಲ, ಚೊಂಬು. ಪುಣ್ಯ.

ಆದರೆ ತೂಕದ ಭಯ ಅಜ್ಜಿಯೊಬ್ಬರದೇ ಅಲ್ಲ. ಗ್ರಂಥಿ ತೆಗೆದ ಕೈಯಲ್ಲಿ ಭಾರ ಎತ್ತಿದರೆ ನೀರು ತುಂಬಿ ಬಾವು ಬರುತ್ತದೆ ಎಂದು ಡಾಕ್ಟರುಗಳೇ ಬಹಳ ಕಾಲ ಹೇಳುತ್ತಿದ್ದರು. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾ ವೈದ್ಯರು ಸ್ತನ ಕ್ಯಾನ್ಸರ್ ಆಗಿದ್ದ 24 ಹೆಂಗಸರಿಗೆ ತರಬೇತಿ ಕೊಟ್ಟು ಉದ್ದನೆಯ ಡ್ರ್ಯಾಗನ್ ದೋಣಿಯಲ್ಲಿ ಹುಟ್ಟು ಹಾಕಿಸಿದರು. ಹೊಸದಾಗಿ ಯಾರಿಗೂ ಕೈ ಬಾವು ಬರಲಿಲ್ಲ. 2009ರಲ್ಲಿ ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಸ್ ಅವರ ತಂಡ ಆಗಲೇ ಬಾವು ಇದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿತು. ಬಿಗಿ ತೋಳುಪಟ್ಟಿ ಹಾಕಿಕೊಂಡು, ಬಹಳ ಕಡಿಮೆ ತೂಕದಿಂದ ಶುರು ಮಾಡಿ, ವಾರಕ್ಕೆರಡು ದಿನ ಎತ್ತಿದವರಲ್ಲಿ ಬಾವು ಹೆಚ್ಚಲಿಲ್ಲ. ಉಲ್ಬಣಿಸಿದ್ದೂ ಎತ್ತದವರಿಗಿಂತ ಕಡಿಮೆ. ಇದನ್ನೆಲ್ಲ ಹೇಳಿದಾಗ ಸಾವಿತ್ರಮ್ಮ, "ದೋಣೀನಾ? ಈ ವರ್ಷ ನಮ್ಮೂರ ಕೆರೇಲಿ ಎಮ್ಮೆ ಮುಳುಗೋಷ್ಟು ನೀರಿಲ್ಲ ಮೇಡಂ" ಎಂದರು.

ನಡಿಗೆಗೆ ಬರೋಣ. ಕೆಂಪು ಔಷಧಿ 21 ದಿನಕ್ಕೊಮ್ಮೆ. ಮೊದಲ ನಾಲ್ಕೈದು ದಿನ ವಾಂತಿ, ಸಂಕಟ. ಆಗ ನಡುಮನೆಯಲ್ಲಿ ಎರಡು ಸುತ್ತು ಸಾಕು. ಎರಡನೇ ವಾರ ಬಿಳಿ ರಕ್ತಕಣ ತಗ್ಗಿರುತ್ತವೆ, ಸೋಂಕು ಬೇಗ ತಗಲುತ್ತದೆ. ಸಂತೆ, ಮದುವೆ ಬೇಡ, ತಾರಸಿ ಮೇಲೆ ನಡೆಯಬಹುದು. ಮೂರನೇ ವಾರ ಮೈ ಹಗುರ, ಆಗ ರಸ್ತೆ. ಎಷ್ಟು ಜೋರಾಗಿ ಅಂದರೆ, ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು. ಮೈ ಬಿಸಿ 100.4 ಡಿಗ್ರಿ ದಾಟಿದರೆ ಹೊತ್ತು ಗೊತ್ತು ನೋಡದೆ ಆಸ್ಪತ್ರೆ. ಎದೆನೋವು, ತಲೆಸುತ್ತು, ಮೊದಲಿಲ್ಲದ ಏದುಸಿರು, ಒಂದೇ ಕಾಲು ಊದಿಕೊಳ್ಳುವುದು, ಹೊಸ ಮೂಳೆನೋವು, ಇವಕ್ಕೂ ಹಾಗೇ. ನಡಿಗೆ ಅಲ್ಲಿಗೇ ನಿಲ್ಲಿಸಬೇಕು.

ಇಷ್ಟು ಹೇಳಿದರೂ ರಸ್ತೆಗೆ ಇಳಿಯಲಿಲ್ಲ. ಕಾಲಿನಲ್ಲಿ ಶಕ್ತಿ ಇತ್ತು. ತಡೆ ಬೇರೆ ಕಡೆ ಇತ್ತು.

"ಊರಿನ ಅರ್ಧ ಹೆಂಗಸರ ಎದೆ ಅಳತೆ ನನ್ನ ಪುಸ್ತಕದಲ್ಲಿದೆ. ಅವರೆಲ್ಲ ಮೊದಲು ಎಲ್ಲಿ ನೋಡ್ತಾರೆ ಅಂತ ನಂಗೊತ್ತಿಲ್ವಾ?" ಎಂದರು. ಕಣ್ಣಲ್ಲಿ ನೀರು. ನಾನು ಏನೂ ಹೇಳಲಿಲ್ಲ. ಮುಂದಿನ ಭೇಟಿಯ ಹೊತ್ತಿಗೆ ಸಡಿಲವಾದ ಹತ್ತಿ ರವಿಕೆಗೆ ಒಳಗಡೆ ಜೇಬು ಹೊಲಿದು, ಮೆತ್ತನೆಯ ಹತ್ತಿ ಪ್ಯಾಡ್ ಇಟ್ಟುಕೊಂಡು ಬಂದಿದ್ದರು. ಗಾಯ ಪೂರ್ತಿ ಮಾಗಿತ್ತು, ಹಾಗಾಗಿ ತೊಂದರೆಯಿರಲಿಲ್ಲ. ಬೆಳಗ್ಗೆ ಐದೂವರೆಗೆ, ಇನ್ನೂ ಮಬ್ಬಿರುವಾಗ, ಹಾಲಿನ ಬೂತಿನ ತನಕ ಹೋಗಿ ಬರುವುದು ಶುರುವಾಯಿತು. ಗಂಡ ನಾಲ್ಕು ಹೆಜ್ಜೆ ಹಿಂದೆ, ಕೈಯಲ್ಲಿ ನೀರಿನ ಬಾಟಲಿ. ಅವರು ಮಾತು ಕಡಿಮೆ. ಪುಸ್ತಕದಲ್ಲಿ "ಬೂತು" ಎಂದು ಬರೆದರೆ ಅವತ್ತು ಹೋಗಿದ್ದಾರೆ ಎಂದರ್ಥ. "ಅರ್ಧ ಬೂತು" ಅಂತಲೂ ಇದೆ.

ಟಿವಿಯಲ್ಲಿ ತೋರಿಸುವ ಕಪಾಲಭಾತಿ ಮಾಡಲೇ ಎಂದೂ ಕೇಳಿದ್ದರು. ಈಗ ಬೇಡ, ನಿಧಾನದ ಉಸಿರಾಟ ಮತ್ತು ಹಗುರವಾದ ಯೋಗ ಸಾಕು ಎಂದೆ. ಯೋಗ ಮಾಡಿದವರಲ್ಲಿ ಕೀಮೋದ ವಾಕರಿಕೆ ತಗ್ಗಿತು ಎಂದು ಬೆಂಗಳೂರಿನಲ್ಲೇ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಇವರಿಗೆ ವಾಕರಿಕೆ ತಗ್ಗಿತೋ ಇಲ್ಲವೋ, ರಾತ್ರಿ ನಿದ್ದೆಯಂತೂ ಬಂತು.

ಎರಡನೇ ಬಗೆಯ ಕೀಮೋ ಶುರುವಾದ ಮೇಲೆ ಪಾದ ಮರಗಟ್ಟಿತು. ಹವಾಯಿ ಚಪ್ಪಲಿ ಜಾರಿಹೋದದ್ದೂ ಗೊತ್ತಾಗುತ್ತಿರಲಿಲ್ಲ. ಹಿಂದೆ ಪಟ್ಟಿ ಇರುವ ಚಪ್ಪಲಿ ತೆಗೆಸಿದೆವು, ಒದ್ದೆ ಬಚ್ಚಲಿಗೆ ರಬ್ಬರ್ ಮ್ಯಾಟ್ ಹಾಕಿಸಿದೆವು, ತಾರಸಿ ನಡಿಗೆ ಬಿಡಿಸಿದೆವು. ಬದಲಿಗೆ ಅವರೇ ಹೊಲಿಗೆ ಮಿಷನ್ನಿಗೆ ದಾರ ಪೋಣಿಸದೆ ಹತ್ತು ನಿಮಿಷ ಸುಮ್ನೆ ತುಳಿಯತೊಡಗಿದರು. ಕೂತಲ್ಲೇ ಕಾಲಿಗೆ ಕೆಲಸ, ಬೀಳುವ ಭಯವಿಲ್ಲ. ಇದು ನನಗೆ ಹೊಳೆದಿರಲಿಲ್ಲ.

ಕೈಗೆ ಬಾವು ಬರುತ್ತಿದೆಯೇ ಎಂದು ಟೇಪು ಹಿಡಿದು ನೋಡುವುದು ಫಿಸಿಯೋ ಹೇಳಿಕೊಟ್ಟದ್ದು. ಪ್ರತಿ ಭಾನುವಾರ ಎರಡೂ ಕೈ ಅಳೆಯಬೇಕು. ಅಂಗೈ, ಮಣಿಕಟ್ಟು, ಮೊಣಕೈಗಿಂತ ಕೆಳಗೆ, ಮೇಲೆ, ಪ್ರತಿ ಸಲ ಅದದೇ ಜಾಗದಲ್ಲಿ. ದುಡಿಯುವ ಕೈ ಮೊದಲಿಂದಲೇ ಒಂದೆಳೆ ದಪ್ಪ ಇರಬಹುದು, ಅದಕ್ಕೇ ಶುರುವಿನ ಅಳತೆ ಮುಖ್ಯ. ಆ ಲೆಕ್ಕದ ಮೇಲೆ ಸುಮಾರು 2 ಸೆಂಟಿಮೀಟರ್, ಅಂದರೆ ಮುಕ್ಕಾಲು ಇಂಚು ಹೆಚ್ಚಿದರೆ ಬಾವು ಎಂದೇ ತಿಳಿಯಬೇಕು. ಬಳೆ ಬಿಗಿಯಾದರೂ, ಕೈ ಭಾರ ಅನ್ನಿಸಿದರೂ ಅಷ್ಟರ ತನಕ ಕಾಯದೆ ತೋರಿಸಬೇಕು. ಎಷ್ಟೋ ಜನಕ್ಕೆ ಇದನ್ನು ಕಲಿಸಲು ಹೆಣಗಾಡುತ್ತೇವೆ. ಇವರು ನಮ್ಮ ಫಿಸಿಯೋ ಟೇಪು ಹಿಡಿಯುವ ರೀತಿಯನ್ನೇ ತಿದ್ದಿದರು.

ರೇಡಿಯೇಷನ್ 15 ಸಲ ಆಯಿತು, ಕೈ ತಲೆಯ ಮೇಲಿಟ್ಟುಕೊಂಡೇ. ಆಮೇಲೆ ಕ್ಯಾನ್ಸರ್ ಮರಳದಿರಲೆಂದು ಕೊಡುವ, ಹಾರ್ಮೋನ್ ತಗ್ಗಿಸುವ ಲೆಟ್ರೋಜೋಲ್ ಮಾತ್ರೆ. ಬೆಳಗ್ಗೆ ಎದ್ದರೆ ಮೊಣಕಾಲು, ಬೆರಳ ಗಂಟು ಬಿಗಿ. ಮಾತ್ರೆ ಬಿಟ್ಟುಬಿಡುತ್ತೇನೆ ಎಂದು ಹಟ ಹಿಡಿದರು. ಈ ನೋವಿಗೂ ವ್ಯಾಯಾಮ ಆಗುತ್ತದೆ. 2015ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಈ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದ 121 ಹೆಂಗಸರಲ್ಲಿ ಇದನ್ನು ತೋರಿಸಿತು. ವರ್ಷವಿಡೀ ನಡೆದು, ವಾರಕ್ಕೆರಡು ದಿನ ತೂಕ ಎತ್ತಿದವರ ಗಂಟುನೋವು ಕಡಿಮೆಯಾಗಿತ್ತು. ಈ ಮಾತ್ರೆ ಮೂಳೆ ಸವೆಸುವುದರಿಂದ ತೂಕ ಎತ್ತುವುದು ಹೇಗೂ ಬೇಕು. ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ. ಮಾತ್ರೆ ಬಿಡಲಿಲ್ಲ. ನೋವು ಪೂರ್ತಿ ಹೋಗಿಲ್ಲ.

ಮಧ್ಯೆ ಒಂದು ಸಲ ಎಡವಿದರು. ಮದುವೆ ಸೀಸನ್ನು. ನಾಲ್ಕು ದಿನದಲ್ಲಿ 11 ರವಿಕೆ, ಅದರ ಮೇಲೆ ನೆಂಟರಿಗೆ ಅಡುಗೆ. ಭಾನುವಾರ ಮೊಣಕೈ ಕೆಳಗಿನ ಅಳತೆ ಅರ್ಧ ಇಂಚು ಹೆಚ್ಚು ಬಂತು. ಅಜ್ಜಿ ಮತ್ತೆ ಕಿವಿಗೆ ಹತ್ತಿ ಹುಡುಕಿದರಂತೆ. ಆದರೆ ಸಾವಿತ್ರಮ್ಮ ಸೋಮವಾರವೇ ಫೋನ್ ಮಾಡಿದರು. ಫಿಸಿಯೋ ತೋಳುಪಟ್ಟಿ ಕೊಟ್ಟರು, ಮಸಾಜಿನ ರೀತಿ ತೋರಿಸಿದರು. ವ್ಯಾಯಾಮ ನಿಲ್ಲಿಸಬೇಡಿ, ಬಾಟಲಿಯ ನೀರು ಕಡಿಮೆ ಮಾಡಿ ಎಂದರು. ಐದು ವಾರಕ್ಕೆ ಹಳೆಯ ಅಳತೆಗೆ ಬಂತು.

ಕಳೆದ ತಿಂಗಳು ಬಂದಾಗ ಪುಸ್ತಕ ತಂದಿದ್ದರು. ಮುಂದಿನ ಪುಟಗಳಲ್ಲಿ ಮತ್ತೆ ಗಿರಾಕಿಗಳ ಅಳತೆ ತುಂಬಿದೆ. ಹಿಂದಿನಿಂದ ಬಂದ ಪುಟಗಳಲ್ಲಿ ಬೂತು, ಅರ್ಧ ಬೂತು, ಬೂತು. ಈಗ ಏಳು ಗಂಟೆಗೆ, ಬೆಳಕಿನಲ್ಲೇ ಹೋಗುತ್ತಾರೆ. ಬೆರಳ ತುದಿ ಇನ್ನೂ ಸ್ವಲ್ಪ ಮರಗಟ್ಟಿದ ಹಾಗೇ ಇದೆ. ಹಾಗಾಗಿ ಹುಕ್ಕು, ಕಾಜಾ ಕೆಲಸ ಪಕ್ಕದ ಮನೆ ಹುಡುಗಿಗೆ ಕೊಟ್ಟಿದ್ದಾರೆ.